ಬೈಗುಳಕ್ಕೊಂದು ತಾಳ

ನಮ್ಮ ಸೋದರತ್ತೆಯಿಂದ ಬೈಸಿಕೊಳ್ಳದ ಬೀಗರು ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಯಾರಾದರೂ ಇದ್ದರೆ, ಅವರ ಮನೆಯಲ್ಲಿ ಇನ್ನೂ ಮದುವೆಯೇ ನಡೆದಿಲ್ಲವೆಂದು ತಿಳಿಯಬೇಕು! ಹಾಗೆಂದು ಅವಳನ್ನು ಜಗಳಗಂಟಿ ಎಂದುಕೊಳ್ಳಬೇಡಿ. ಅವಳು ಬೈಯುವುದೆಲ್ಲ ರಾಗದಲ್ಲಿ. ಮದುವೆಯಲ್ಲಿ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯವರನ್ನು ಹಾಡಿನಲ್ಲಿ ಜರೆಯುವುದು, ಅವರು ಹಾಡಿನಲ್ಲೇ ತಿರುಗಿಸಿ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಬೀಗರ ಮೂಗು, ಹೊಟ್ಟೆ, ಜಿಪುಣತನ ಯಾವುದಕ್ಕೂ ರಿಯಾಯಿತಿ ಇಲ್ಲ. ಮುನಿಸಿಕೊಂಡರೆ ಮುನಿಸಿಕೊಂಡವರಿಗೇ ಅವಮಾನ.

ಅತ್ತೆಗೆ ತಿರುಗಿಸಿ ಕೊಡುತ್ತಿದ್ದವಳು ನನ್ನ ಅಮ್ಮ. ಬೀಗರ ಕಡೆ ಹಾಡುವವರಿಲ್ಲದಿದ್ದರೆ ಸೀದಾ ಪಕ್ಷಾಂತರ ಮಾಡಿ, ಅವರ ಜಮಖಾನದ ಮೇಲೆ ಕೂತು ನಾದಿನಿಯ ಮಾನ ಹರಾಜು ಹಾಕುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಅತ್ತೆಗೆ ಎದುರಾಳಿಯೇ ಇಲ್ಲವಾಯಿತು. ಈಗಿನ ಬೀಗರೋ, ಬೈದರೆ ನಗುತ್ತಾ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ! ಅವರ ಹೆಣ್ಣುಮಕ್ಕಳು ಡಿಜೆಗೆ ಕುಣಿಯಲು ಹೋಗುತ್ತಾರೆ.

"ತಿರುಗ್ಸಿ ಬೈಯೋರೇ ಇಲ್ದಿದ್ರೆ ಅದು ಪದ ಎಂಗಾದಾತ್ಲಾ? ಬರೀ ಬೈಗ್ಳ ಅಷ್ಟೇಯ!" ಎಂದು ಅತ್ತೆ ನನ್ನ ಮುಂದೆ ಕೊರಗುತ್ತಿದ್ದಳು.

ಕೊರಗಿ ಕೂರುವ ಜಾಯಮಾನ ಅವಳದಲ್ಲ. ಒಂದು ದಿನ ನನ್ನನ್ನು ತಿಪಟೂರಿನ ವಾದ್ಯದಂಗಡಿಗೆ ಎಳೆದೊಯ್ದಳು. "ಡಿಜೆಯೋರ್ ತಾವ ಸದ್ದೈತೆ, ಪದ ಇಲ್ಲ. ನನ್ ತಾವ ಪದ ಐತೆ, ಸದ್ದಿಲ್ಲ" ಎಂಬುದು ಅವಳ ತರ್ಕ. ಅಂಗಡಿಯವನು ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನಾಯಿ, ಸಮುದ್ರ, ಹೆಲಿಕಾಪ್ಟರು ಎಲ್ಲವನ್ನೂ ಕೇಳಿಸಿದ.

"ಒನಕೆ ಸದ್ದು ಬತ್ತದೇನಪ್ಪ?"

"ಒನಕೆ ಇಲ್ಲ ಕಣಜ್ಜಿ."

"ಹೆಲಿಕಾಪ್ಟ್ರು ತಗಂಡು ನಾನೇನ್ ಬೀಗ್ರುನ್ನ ಹಾರುಸ್ಲಾ?" ಎಂದು ಸೆರಗು ಕೊಡವಿ ಎದ್ದಳು.

ಅವಳಿಗೆ ಬೇಕಾದ ಸದ್ದು ಸಿಕ್ಕಿದ್ದು ದಬ್ಬೇಘಟ್ಟದ ತನ್ನ ಮನೆಯ ಅಟ್ಟದಲ್ಲಿ. ಅಟ್ಟದಲ್ಲಿ ಒಣಗಲು ಬಿಟ್ಟ ತೆಂಗಿನಕಾಯಿಯ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ತಿಳಿಯಲು ನಾವು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಬಿಟ್ಟಿದ್ದರೆ ಲೊಟಲೊಟ ಎನ್ನುತ್ತದೆ. ಅತ್ತೆಗೆ ಅದರಲ್ಲಿ ತಾಳ ಕೇಳಿಸಿತು! ಅಟ್ಟದ ಕಾಯಿಗಳಿಗೆಲ್ಲ ಸಂದರ್ಶನ ನಡೆಯಿತು. ಪಾಸಾದವು ದೇವರ ಮನೆ ಸೇರಿದವು.

"ಸುಲಿಯಂಗಿಲ್ಲ, ಮಾರಂಗಿಲ್ಲ! ಯಾಕೇಂದ್ರೆ 'ಅದು ಸುರುತಿಗೆ ಕುಂತೈತೆ' ಅಂತಾಳೆ. ಮಂಡಿಯೋರ್ಗೆ ನಾನ್ ಏನ್ ಹೇಳ್ಲಪ್ಪ?" ಎಂದು ಮಾವ ನನ್ನಲ್ಲಿ ದೂರಿಟ್ಟರು.

ಧ್ವನಿಮುದ್ರಣ ನನ್ನ ಮೊಬೈಲಿನಲ್ಲಿ. ಕಾಯಿಯ ತಾಳಕ್ಕೆ ಡ್ರಮ್ಮು ಸೇರಿಸಿದೆ, ಅತ್ತೆ ಒಪ್ಪಿದಳು. ಹುರುಪಿನಲ್ಲಿ ಗಿಟಾರನ್ನೂ ತುರುಕಿದೆ. "ತೆಗಿಯಲಾ ಅದ! ವಾದ್ಯ ಪದದ್ ಜತೇಲಿ ನಡೀಬೇಕು, ಪದದ್ ತಲೆ ಮ್ಯಾಲೆ ಕುಂತ್ಕಬಾರ್ದು" ಎಂದಳು. ನಮ್ಮ ಅಜ್ಜಿಯಿಂದ ಕಲಿತ ಮಟ್ಟಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಮಾಡಲು ಬಿಡಲಿಲ್ಲ. ಆದರೆ ಅವಳ ನಿಜವಾದ ಉಪಾಯ ಇದಲ್ಲ. ಮೊಬೈಲಿನಲ್ಲಿರುವ ಅತ್ತೆ ಬೀಗರನ್ನು ಬೈಯಬೇಕು, ಎದುರಿಗಿರುವ ಅತ್ತೆ ಬೀಗರ ಪರವಾಗಿ ತಿರುಗಿ ಬೈಯಬೇಕು!

"ಅತ್ತೆ, ಎರಡೂ ಕಡೆಗೂ ಒಬ್ಬರೇ ವಕೀಲರಾದರೆ ಕೇಸು ನಡೆಯುತ್ತದೆಯೇ?" ಎಂದೆ.

"ಇನ್ನೇನ್ ಮಾಡ್ಲಾ? ನಿಮ್ಮವ್ವ ಎದ್ ಬಂದಾಳಾ?"

ನಾನು ಮೊಬೈಲಿನಲ್ಲಿ ಧ್ವನಿಮುದ್ರಣದ ಗುಂಡಿ ಒತ್ತಿದೆ.

ಈ ಏರ್ಪಾಟು ಒಂದೆರಡು ಮದುವೆಗಳಲ್ಲಿ ಚಪ್ಪಾಳೆ ಗಿಟ್ಟಿಸಿತು. ಬೈಗುಳ ಮಾತ್ರ ಯಾರಿಂದಲೂ ಬರಲಿಲ್ಲ. ಆಮೇಲೆ ಬಂತು ನನ್ನ ಮಗಳ ಮದುವೆ. ಬೀಗರು ಶೆಟ್ಟಿಕೆರೆಯವರು. ಊಟಕ್ಕೆ ಮುಂಚೆ ಅತ್ತೆ ಎರಡು ಕಾಯಿ ಹಿಡಿದು ಮೈಕಿನ ಮುಂದೆ ಬಂದು, ಯಾರನ್ನೂ ಹತ್ತಿರ ಸೇರಿಸದೆ ತಾನೇ ಮೊಬೈಲು ಒತ್ತಿದಳು. ಸ್ಪೀಕರು ಮೊಳಗಿತು:

ಬೀಗರು ಬಂದಾರು ಕಾರಲ್ಲಿ ಕೂತು
ಬೋಳಾದ ತಲೆ ಮ್ಯಾಲೆ ಬಿಸಿಲೆಲ್ಲ ಹೊತ್ತು
ಹೋಳಿಗೆ ಎಲ್ಲೆಂದು ಹುಡುಕ್ಯಾರೆ ಸೋ

ಅಯ್ಯೋ! ಅದು ಹಿಂದಿನ ಮದುವೆಯ ಬೀಗರಿಗೆ ಕಟ್ಟಿದ ಪದ. ನಮ್ಮ ಬೀಗರಿಗೋ ಕಾಡಿನಂಥ ಕೂದಲು, ಅದೂ ಆ ಬೆಳಗ್ಗೆ ತಾನೇ ಬಣ್ಣ ಹಚ್ಚಿಸಿಕೊಂಡದ್ದು! ಅವರ ಕೈ ತಾನಾಗಿಯೇ ತಲೆಗೆ ಹೋಯಿತು. ನನ್ನ ಹೆಂಡತಿ ನನ್ನ ತೋಳನ್ನು ಜಿಗುಟಿದ ಗುರುತು ಈಗಲೂ ಇದೆ. ಅತ್ತೆಯ ಮುಖ ಬಿಳಿಚಿಕೊಂಡಿತು. ಬೀಗರ ಪರವಾಗಿ ತಿರುಗಿ ಹಾಡಬೇಕಾದವಳು ಪದ ಮರೆತು ನಿಂತಳು.

ಆಗ ಮೊದಲ ಸಾಲಿನಿಂದ ವರನ ಅಜ್ಜಿ ಎದ್ದರು. ಮೊಮ್ಮಗಳ ಭುಜ ಹಿಡಿದು ನಿಧಾನವಾಗಿ ನಡೆದು ಬಂದು ಮೈಕು ಕಿತ್ತುಕೊಂಡರು. ಇನ್ನು ಸಂಬಂಧ ಮುರಿದಂತೆಯೇ ಎಂದು ನಾನು ಮನೆದೇವರಿಗೆ ಹರಕೆ ಹೊತ್ತೆ. ಅಜ್ಜಿ ಗಂಟಲು ಸರಿಮಾಡಿಕೊಂಡರು:

ಬೋಳು ನಮ್ಮಲ್ಲಿಲ್ಲ, ಕಣ್ಣೀಗೆ ಪೊರೆಯೇನೆ
ಕಾಯಲ್ಲಾಡ್ಸೋ ಬೀಗಿತ್ತಿ, ನಿನ್ನ ಬುರುಡೆಯಲಿ
ಏನೈತೆ ನೀನೇ ಅಲ್ಲಾಡ್ಸಿ ನೋಡೇ ಸೋ

ಛತ್ರದ ಚಾವಣಿ ಹಾರಿಹೋಗುವಂತೆ ಜನ ನಕ್ಕರು. ಬೀಗರೂ ತಲೆಯಿಂದ ಕೈ ತೆಗೆದು ನಕ್ಕರು. ನಗದಿದ್ದವಳು ಅತ್ತೆ ಒಬ್ಬಳೇ. ಕೈಯಲ್ಲಿದ್ದ ಕಾಯಿಗಳನ್ನು ನನ್ನ ಮಡಿಲಿಗೆ ಹಾಕಿ, ಸ್ಪೀಕರು ಆರಿಸಿ, ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ನಮ್ಮತ್ತಿಗೆ ಹೋದ್ ಮ್ಯಾಲೆ ನನ್ನ ಯಾರೂ ಇಂಗ್ ಬೈದಿರ್ಲಿಲ್ಲ ಕಣವ್ವ. ಇನ್ನೊಂದ್ ಬೈಯವ್ವ" ಎಂದಳು.

ಅಮ್ಮ ಇಲ್ಲದ್ದಕ್ಕೆ ನನಗಿಂತ ಹೆಚ್ಚು ಒಂಟಿಯಾದವಳು ಅತ್ತೆ ಎಂದು ನನಗೆ ಹೊಳೆದದ್ದೇ ಆಗ.

ಅಜ್ಜಿ ತಮ್ಮ ಸೆರಗಿನಿಂದ ಅತ್ತೆಯ ಕಣ್ಣೊರೆಸಿದರು. ಒರೆಸುತ್ತಲೇ ರಾಗ ಎತ್ತಿದರು: "ಅಳುಬುರುಕ ಬೀಗಿತ್ತಿಗೆ ಹೋಳಿಗೆ ಬಡಿಸ್ಬೇಡಿ ಸೋ..."

ಅತ್ತೆ ಅಳುತ್ತಲೇ ತಿರುಗಿ ಬೈಯಲು ಬಾಯಿ ತೆರೆದಳು.