ಸ್ವಿಚ್ಚು ಎಡಕ್ಕೋ ಬಲಕ್ಕೋ

ಹಾಡುವ ಗಾಡಿ ಇಟ್ಟುಕೊಂಡವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸಾಕು, ಅವೇ ಬಂದು ಹಿಂದೆ ಕೂರುತ್ತವೆ.

ನಾನು ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಮನೆ ಜಾಲಹಳ್ಳಿಯಲ್ಲಿ. ಪೀಣ್ಯದವರೆಗೆ ಮೆಟ್ರೋ ಹೊಸದಾಗಿ ಬಂದ ವರ್ಷ, ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರಿಂದ ದೊಡ್ಡದೊಂದು ವಿದೇಶಿ ಮೋಟಾರ್‌ಸೈಕಲ್ ಕೊಂಡೆ. ಮುಂದೆ ಎರಡು ಸ್ಪೀಕರು, ಒಂದು ರೇಡಿಯೋ, ಹಿಂದೆ ಸೋಫಾದಂಥ ಸೀಟು. ಜೆ.ಸಿ. ರಸ್ತೆಯ ಅಂಗಡಿಯವನೊಬ್ಬ ಎರಡು ಬ್ಲೂಟೂತ್ ಹೆಲ್ಮೆಟ್ಟುಗಳನ್ನು ಅದಕ್ಕೆ ಜೋಡಿಸಿ, ಎಡಗೈ ಹೆಬ್ಬೆರಳಿನ ಹತ್ತಿರ ಒಂದು ಸ್ವಿಚ್ಚು ಕೂರಿಸಿದ. ಅದು ಎಡಕ್ಕಿದ್ದರೆ ಹಾಡು, ಫೋನು, ಮುಂದೆ ಹಿಂದೆ ಕೂತವರ ಮಾತು ಎಲ್ಲವೂ ಹೆಲ್ಮೆಟ್ಟಿನೊಳಗೇ. ಬಲಕ್ಕಿದ್ದರೆ ಅಷ್ಟೂ ಸ್ಪೀಕರಿನಲ್ಲಿ, ಊರಿಗೆಲ್ಲ. ಹಾರ್ನಿಗೆ ಅಂಟಿಸಿದ ಹಾಗೆ ಯಾಕಪ್ಪ ಇಟ್ಟೆ ಎಂದು ಕೇಳಿದೆ. ಕೈಗೆ ಸುಲಭವಾಗಿ ಸಿಗಲಿ ಅಂತ ಸಾರ್ ಎಂದ. ಆಮೇಲೆ ಅದು ಬಹಳ ಸುಲಭವಾಗಿಯೇ ಸಿಗುತ್ತಿತ್ತು.

ಹೂಂ

ಹೆಲ್ಮೆಟ್ಟು ಬರುವ ಮೊದಲು ನನ್ನ ಹೆಂಡತಿ ಹಿಂದೆ ಕೂತು ಏನೇನೋ ಹೇಳುತ್ತಿದ್ದಳು. ಅರ್ಧ ಮಾತನ್ನು ಗಾಳಿ ತಿನ್ನುತ್ತಿತ್ತು, ಇನ್ನರ್ಧವನ್ನು ಲಾರಿಗಳು. ನಾನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ. ಹಳೆಯ ಬೈಕಿನ ಕಾಲದಿಂದ ನಾಲ್ಕು ವರ್ಷ ಸಂಸಾರ ಹೀಗೆ ಸುಗಮವಾಗಿ ನಡೆದಿತ್ತು.

ಹೊಸ ಹೆಲ್ಮೆಟ್ಟು ಹಾಕಿಕೊಂಡು ಹೊರಟ ಮೊದಲ ದಿನ ಅವಳ ಮಾತು ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟವಾಗಿ ಕೇಳಿಸಿತು. ದಾವಣಗೆರೆಯಿಂದ ಅಪ್ಪ ಭಾನುವಾರ ಬರುತ್ತಾರೆ, ಒಂದು ತಿಂಗಳು ಇರುತ್ತಾರೆ ಎಂದಳು. ಯಾವಾಗ ತೀರ್ಮಾನವಾಯಿತು ಎಂದು ಕೇಳಿದೆ.

"ಹೋದ ವಾರ ಇದೇ ರಸ್ತೇಲಿ ಹೇಳಿದೆ, ಹೂಂ ಅಂದ್ರಲ್ಲ. ಈ ಗಾಡಿ ಇಟ್ಕೊಳ್ಳೋದೋ ಮಾರೋದೋ ಅಪ್ಪ ಹೇಳಿದ ಹಾಗೆ ಅಂದೆ, ಅದಕ್ಕೂ ಹೂಂ ಅಂದ್ರಿ."

ಆ ಗಾಡಿಯ ಮೇಲೆ ನನಗೆ ಜೀವ. ಮಾವನವರಿಗೋ, ಸಂಸಾರಸ್ಥರಾದವರು ಕಾರು ತೆಗೆದುಕೊಳ್ಳಬೇಕು, ಇಲ್ಲವೇ ಬಸ್ಸಿನಲ್ಲಿ ಓಡಾಡಬೇಕು, ನಡುವೆ ಇನ್ನೊಂದಿಲ್ಲ.

"ಈಗಲಾದ್ರೂ ಸರಿಯಾಗಿ ಕೇಳಿಸ್ತಿದ್ಯಾ?" ಎಂದಳು.

ನಾನು ಅಭ್ಯಾಸಬಲದಿಂದ ಹೂಂ ಅಂದೆ.

ಕಾರ್ಖಾನೆಯ ಗೇಟು

ಮರುದಿನ ಬೆಳಿಗ್ಗೆ ಕಾರ್ಖಾನೆಯ ಎದುರಿನ ಅಂಗಡಿಯ ಮುಂದೆ ಗಾಡಿಯ ಮೇಲೆ ಕೂತೇ ಟೀ ಕುಡಿಯುತ್ತಿದ್ದೆ. ಮ್ಯಾನೇಜರ ಫೋನು ಬಂತು. ಎಲ್ಲಿದ್ದೀರಿ, ಮೂರನೇ ಮಷಿನ್ನು ನಿಂತಿದೆ ಎಂದರು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿದ್ದೇನೆ ಸಾರ್, ಒಂದಿಂಚೂ ಅಲ್ಲಾಡುತ್ತಿಲ್ಲ ಎಂದೆ. ಸ್ವಿಚ್ಚು ಬಲಕ್ಕಿದೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮಿಬ್ಬರ ಮಾತೂ ರಸ್ತೆಗೆಲ್ಲ ಕೇಳಿಸುತ್ತಿತ್ತು.

ಗೇಟಿನ ಸೆಕ್ಯೂರಿಟಿಯವನು ರಾಯಚೂರಿನ ಕಡೆಯವನು, ಬಹಳ ಒಳ್ಳೆಯ ಮನುಷ್ಯ. ಮ್ಯಾನೇಜರ ದನಿ ಕೇಳಿಸಿದ್ದೇ ಓಡಿ ಬಂದು ಎರಡೂ ಬಾಗಿಲು ತೆಗೆದು, ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದ. "ಸಾಹೇಬ್ರ, ಗೇಟ್ ತೆಗದೀನ್ರಿ. ಚಾ ಅಲ್ಲೇ ಇಟ್ಟು ಬರ್ರಿ."

ಮ್ಯಾನೇಜರು ಶಾಂತವಾಗಿ ಕೇಳಿದರು. "ಗೊರಗುಂಟೆಪಾಳ್ಯದಲ್ಲೂ ನಮ್ಮದೊಂದು ಗೇಟ್ ಇದೆಯೇನ್ರೀ?"

ರೇಡಿಯೋದವನು

ಮಾವನವರು ಬಂದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಒಂದು ಚೀಲ, ಬೆನ್ನು ನೆಟ್ಟಗೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುತ್ತಿದ್ದವರು ಅವರೇ. ಸರ್ವೀಸೆಲ್ಲ ಅದರಲ್ಲೇ ಕಳೆದು ನಿವೃತ್ತರಾದವರು. ಬಸ್ಸು ಎರಡು ನಿಮಿಷ ತಡವಾದರೂ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲವಂತೆ.

ಮೊದಲ ದಿನ ಅವರನ್ನು ಹತ್ತಿಸಿಕೊಂಡು ಜಾಲಹಳ್ಳಿಯಲ್ಲೇ ಒಂದು ಸುತ್ತು ಬಂದೆ. ಹೇಗಾದರೂ ಅವರ ಮನಸ್ಸು ಗೆಲ್ಲಬೇಕಿತ್ತು. ಹೆಲ್ಮೆಟ್ಟಿನಲ್ಲೇ ಆರಾಮಿದ್ದೀರಾ ಎಂದು ಕೇಳಿದೆ. ಉತ್ತರವಿಲ್ಲ. ತಿರುವಿಗೊಂದು ಸಲ ಕೇಳಿದೆ. ಊಹೂಂ.

ಮನೆಗೆ ಬಂದು ಹೆಲ್ಮೆಟ್ಟು ತೆಗೆದು, ಅಳಿಸಿಹೋಗಿದ್ದ ವಿಭೂತಿಯನ್ನು ಹೊಸದಾಗಿ ಹಚ್ಚಿಕೊಂಡು ಮಗಳಿಗೆ ಹೇಳಿದರು. "ಗಾಡಿ ಅಡ್ಡಿಯಿಲ್ಲ. ಆದ್ರೆ ಆ ರೇಡಿಯೋ ಸರಿ ಇಲ್ಲ. ಯಾವನೋ ಒಬ್ಬ ದಾರಿಯುದ್ದಕ್ಕೂ ಆರಾಮಿದ್ದೀರಾ, ಆರಾಮಿದ್ದೀರಾ ಅಂತ ಕೇಳ್ತಿದ್ದ. ಅವಂಗೆ ಬೇರೆ ಏನೂ ಗೊತ್ತಿಲ್ಲ ಅನ್ನಿಸ್ತತಿ."

ಸಾಕ್ಷಿ

ಮಾತಾಡುತ್ತಿದ್ದವನು ನಾನೇ ಎಂದು ಮಗಳು ಅವರಿಗೆ ತಿಳಿಸಿದಳು. ಅಲ್ಲಿಂದ ಅವರು ಇನ್ನೂ ಗಂಭೀರರಾದರು. ಎಲ್ಲ ಸರ್ಕಾರಿ ಬಸ್ಸಿನಲ್ಲೂ ಬರೆದಿರುತ್ತದೆ, ಚಾಲಕರೊಂದಿಗೆ ಮಾತನಾಡಬಾರದು ಎಂದು. ಅವರ ಪಾಲಿಗೆ ಅದು ಮೋಟಾರ್‌ಸೈಕಲ್ಲಿಗೂ ಅನ್ವಯಿಸುತ್ತಿತ್ತು.

ಒಂದು ದಿನ ಸಿಗ್ನಲ್ ದಾಟುತ್ತಿದ್ದಂತೆ ಟ್ರಾಫಿಕ್ ಪೊಲೀಸಿನವನು ನಿಲ್ಲಿಸಿದ. ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡುತ್ತಿದ್ದಿರಿ, ತುಟಿ ಅಲ್ಲಾಡಿದ್ದನ್ನು ನೋಡಿದೆ ಎಂದ. ಫೋನಲ್ಲ ಸಾರ್, ಹಿಂದೆ ಕೂತಿರುವ ನಮ್ಮ ಮಾವನವರ ಜೊತೆ ಮಾತಾಡುತ್ತಿದ್ದೆ, ಬೇಕಾದರೆ ಅವರನ್ನೇ ಕೇಳಿ ಎಂದೆ. ಅವನು ಕೇಳಿದ.

ಮಾವನವರು ಹೆಲ್ಮೆಟ್ಟು ತೆಗೆದು, ಕೆಳಗಿಳಿದು ನಿಂತು ಉತ್ತರಿಸಿದರು. "ಅವ್ರು ಮಾತಾಡಿದ್ದು ಖರೆ. ನಾನು ಒಂದು ಮಾತೂ ಆಡಿಲ್ಲ. ಬರ್ಕೊಳ್ರಿ ದಂಡ."

ಗಮನಕ್ಕೆ

ತಿಂಗಳು ಮುಗಿಯಿತು. ಮಾವನವರು ಗಾಡಿಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಊರಿಗೆ ಹೊರಟ ದಿನ ಬೆಳಿಗ್ಗೆ ಎಂಟನೇ ಮೈಲಿಯಲ್ಲಿ ದಾವಣಗೆರೆಯ ಬಸ್ಸು ಹತ್ತಿಸಲು ಅವರನ್ನು ಕೂರಿಸಿಕೊಂಡು ಹೊರಟೆ. ಬಸ್ಸು ಹತ್ತುವ ಮೊದಲು ತೀರ್ಪು ಕೊಡುತ್ತೇನೆ ಎಂದು ಮಗಳಿಗೆ ಹೇಳಿದ್ದರು.

ಜಾಲಹಳ್ಳಿ ಕ್ರಾಸ್ ದಾಟಿ ಸರ್ವೀಸ್ ರಸ್ತೆಗೆ ಬಂದರೆ ಸಿಮೆಂಟ್ ಲಾರಿಯೊಂದು ಅಡ್ಡ ತಿರುಗಿ ನಿಂತಿದೆ. ಅದರ ಮುಂದೆ ಟೆಂಪೋ, ಟೆಂಪೋ ಸುತ್ತ ಆಟೋಗಳು, ಉಳಿದ ಸಂದುಗಳಲ್ಲೆಲ್ಲ ಬೈಕುಗಳು. ನಾನೂ ಎಲ್ಲರಂತೆ ಹಾರ್ನ್ ಒತ್ತಿದೆ. ಹೆಬ್ಬೆರಳು ಸ್ವಿಚ್ಚನ್ನೂ ಬಲಕ್ಕೆ ತಳ್ಳಿತು.

ಆಗ ಸ್ಪೀಕರಿನಲ್ಲಿ ಮಾವನವರ ದನಿ ಬಂತು. "ಅಳಿಯಂದ್ರೆ, ಗಾಡಿ ನಿಂತೈತಿ, ಈಗ ಮಾತಾಡಬಹುದು. ತಿಂಗಳು ಪೂರ್ತಿ ನೋಡಿದೆ. ಗಾಡಿ ಮಾರೋದೇ ಸರಿ."

ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, "ಯಜಮಾನ್ರೇ, ಸ್ಪೀಕರ್ ಮಾತ್ರ ನಂಗೆ ಕೊಡಿ, ಗಾಡಿ ನೀವೇ ಇಟ್ಕೊಳ್ಳಿ" ಎಂದ.

ತಮ್ಮ ದನಿ ಹೊರಗೆ ಕೇಳಿಸುತ್ತಿದೆ ಎಂಬುದು ಮಾವನವರಿಗೆ ಆಗಲೇ ಗೊತ್ತಾದದ್ದು. ಒಮ್ಮೆ ಕೆಮ್ಮಿದರು. ಆ ಕೆಮ್ಮು ಎದುರಿನ ಕಟ್ಟಡಕ್ಕೆ ಬಡಿದು ವಾಪಸ್ಸು ಬಂತು. ಅವರ ಬೆನ್ನು ಇನ್ನಷ್ಟು ನೆಟ್ಟಗಾದದ್ದು ನನಗೆ ಸೀಟಿನ ಮೇಲೇ ತಿಳಿಯಿತು.

"ವಾಹನ ಸವಾರರ ಗಮನಕ್ಕೆ. ಅಡ್ಡಲಾಗಿ ನಿಂತಿರುವ ಸಿಮೆಂಟ್ ಲಾರಿಯು ಹತ್ತು ಹೆಜ್ಜೆ ಹಿಂದಕ್ಕೆ ಚಲಿಸತಕ್ಕದ್ದು. ದ್ವಿಚಕ್ರ ವಾಹನಗಳು ನಿಂತಲ್ಲೇ ನಿಲ್ಲತಕ್ಕದ್ದು."

ಹಾರ್ನುಗಳೆಲ್ಲ ನಿಂತವು. ಆ ದನಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ, ಬಹುಶಃ ಸರ್ಕಾರವೇ ಬಂದಿದೆ ಎಂದುಕೊಂಡರು. ಲಾರಿ ಹಿಂದೆ ಸರಿಯಿತು. ಟೆಂಪೋ ಎಡಕ್ಕೆ ಹೋಯಿತು. ಆಟೋಗಳನ್ನು ಒಂದೊಂದಾಗಿ ಬಣ್ಣ ಹೇಳಿ ಕಳಿಸಿದರು. ನಾನು ಹೊರಡಲು ನೋಡಿದರೆ ಹೆಗಲ ಮೇಲೆ ಕೈಯಿಟ್ಟು ತಡೆದರು, ಕೊನೆಯ ವಾಹನ ಹೋಗುವ ತನಕ ಬಸ್ ನಿಲ್ದಾಣದ ಕಂಟ್ರೋಲರು ಜಾಗ ಬಿಡುವಂತಿಲ್ಲವಂತೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೆಂಪು ಬಸ್ಸು ಬಂತು.

"ತುಮಕೂರು, ಚಿತ್ರದುರ್ಗ ಮಾರ್ಗವಾಗಿ ದಾವಣಗೆರೆಗೆ ಹೋಗುವ ಬಸ್ಸಿಗೆ ದಾರಿ ಬಿಡತಕ್ಕದ್ದು."

ಎಲ್ಲರೂ ಬಿಟ್ಟರು. ಬಸ್ಸು ಹೋಯಿತು.

"ಮಾವ, ಅದು ನಿಮ್ಮ ಬಸ್ಸು" ಎಂದೆ.

"ಗೊತ್ತೈತಿ" ಎಂದರು. "ಟೈಮಿಗೆ ಸರಿಯಾಗಿ ಹೊರಟತಲ್ಲ?"

ಮುಂದಿನ ಬಸ್ಸಾದರೂ ಸಿಗಲಿ ಎಂದು ಎಂಟನೇ ಮೈಲಿಗೆ ಹೋದೆವು. ಬಸ್ಸಿಗೆ ಕಾದವರ ಮುಂದೆ ಗಾಡಿ ನಿಲ್ಲಿಸುತ್ತಿದ್ದಂತೆ ಹೆಂಡತಿಯ ಫೋನು ಬಂತು. ಸ್ವಿಚ್ಚನ್ನು ಎಡಕ್ಕೆ ತಿರುಗಿಸುವುದು ನನಗೆ ನೆನಪಾಗಲಿಲ್ಲ.

"ಅಪ್ಪ ಏನಂದ್ರು ರೀ? ಮಾರೋದೇ ಅಂತಾಯ್ತಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಹೋಯಿತು. "ಗಾಡಿ ಮಾರಬಾರದವ್ವ. ಇಂಥ ಮೈಕು ನಮ್ಮ ಸ್ಟ್ಯಾಂಡಿನಾಗೂ ಇರ್ಲಿಲ್ಲ. ಇಲ್ಲಿ ಟ್ರಾಫಿಕ್ಕಿಗೆ ಹೇಳೋರು ಕೇಳೋರು ಯಾರೂ ಇಲ್ಲ. ನಾನು ಇನ್ನೂ ಆರು ತಿಂಗಳು ಇದ್ದು, ಅಳಿಯಂದ್ರ ಜೊತೆ ದಿನಾ ಬೆಳಿಗ್ಗೆ ಒಂದು ರೌಂಡ್ ಬರ್ತೀನಿ."

"ಕೇಳಿಸ್ತೇನ್ರೀ? ನಿಮಗೆ ಒಪ್ಪಿಗೆ ತಾನೆ?" ಎಂದಳು.

ಈ ಸಲ ನನಗೆ ಪ್ರತಿ ಅಕ್ಷರವೂ ಕೇಳಿಸಿತ್ತು. ಬಸ್ಸಿಗೆ ಕಾದು ನಿಂತಿದ್ದವರಿಗೂ ಕೇಳಿಸಿತ್ತು. ಅವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

ಹೂಂ ಅಂದೆ.