ಅಕ್ಕನ ನಾಯಿಯೂ ಕಾಗೆಯ ಎಡೆಯೂ

ಸಾವಿನ ಮನೇಲಿ ನಗಬಾರದು ಅಂತಾರೆ. ನಾನು ಸುತ್ತಿದ ಊರುಗಳಲ್ಲೆಲ್ಲ ನಗು ಬಂದಿದ್ದು ಅಂಥ ಮನೆಗಳಲ್ಲೇ. ಈ ಸಲ ಬಂದಿದ್ದು ದಿಬ್ಬೂರಹಳ್ಳಿಯಲ್ಲಿ, ನನ್ನ ಸ್ವಂತ ಅಕ್ಕ ತೀರಿಕೊಂಡಾಗ.

ಸೂಟ್‌ಕೇಸು

ಅಕ್ಕನ ನಾಯಿಯ ಅಪ್ಪ ಲ್ಯಾಬ್ರಡಾರ್, ಅಮ್ಮ ಬೇಟೆನಾಯಿ. ಅಪ್ಪನಿಂದ ಹೊಟ್ಟೆ ಬಂದಿತ್ತು, ಅಮ್ಮನಿಂದ ಕಾಲು. ಬೆಳಿಗ್ಗೆ ಹಿಪ್ಪುನೇರಳೆ ತೋಟದ ಸುತ್ತ ಓಡಿಸದಿದ್ದರೆ ಮನೆಯೊಳಗೇ ಓಡುತ್ತಿತ್ತು. ಓಡಿಸುತ್ತಿದ್ದವಳು ಅಕ್ಕ. ಭಾವ ರೇಷ್ಮೆಹುಳು ಬಿಟ್ಟು ಕದಲುವವರಲ್ಲ, ಮಗಳು ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದಾಳೆ. ತಿಥಿ ಮುಗಿದ ಸಂಜೆಯೇ ನಾಯಿಯನ್ನು ಪೆರೇಸಂದ್ರದ ತೋಟದವರೊಬ್ಬರಿಗೆ ಕೊಟ್ಟುಬಿಡೋದು ಅಂತ ನೆಂಟರೇ ತಿಥಿಗೆ ಮುಂಚೆ ತೀರ್ಮಾನ ಮಾಡಿದರು. ಭಾವ ಎದ್ದು ಹುಳುವಿಗೆ ಸೊಪ್ಪು ಹಾಕಲು ಹೋದರು. ಆ ದಿನಗಳಲ್ಲಿ ಅವರು ಯಾವುದಕ್ಕೂ ಏನೂ ಹೇಳುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ.

ನೀನೇ ಕರ್ಕೊಂಡು ಹೋಗಬಾರದಾ ಅಂತ ನಮ್ಮ ದೊಡ್ಡಮ್ಮ ನನ್ನನ್ನು ಕೇಳಿದರು. ನನ್ನ ಮನೆ ಅಂದ್ರೆ ಒಂದು ಸೂಟ್‌ಕೇಸು ಅಂದೆ.

"ಅದನ್ನ ಕಾಯೋಕಾದ್ರೂ ಒಂದು ನಾಯಿ ಬೇಕಲ್ಲಮ್ಮ" ಅಂದರು.

ಚಪ್ಪಲಿ

ಸಿಕ್ಕಿದ್ದನ್ನು ಕಚ್ಚಿ ತರೋದು ಅದರ ರಕ್ತದಲ್ಲೇ ಇತ್ತು. ಅಕ್ಕ ಹಾಸಿಗೆ ಹಿಡಿದ ಮೇಲೆ ಅವಳ ಚಪ್ಪಲಿಯನ್ನು ಮಂಚದ ಹತ್ತಿರ ತಂದಿಡುತ್ತಿತ್ತಂತೆ, ಏಳು, ಓಡೋಣ ಅಂತ. ಈಗ ಮಂಚ ಖಾಲಿ. ಮಾತಾಡಿಸಲು ಬಂದವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನೆಲ್ಲ ಅದು ಒಂದೊಂದಾಗಿ ಒಯ್ದು ಮಂಚದ ಕೆಳಗೆ ಗುಡ್ಡೆ ಹಾಕಿತು. ಯಾವುದಾದರೂ ಒಂದು ಜೊತೆ ಅವಳನ್ನು ಎಬ್ಬಿಸೀತು ಅಂತಿರಬೇಕು.

ನೋಡಲಾರದೆ ಹೊರಗೆ ಬಂದೆ. ಚಿಂತಾಮಣಿಯ ನೆಂಟರೊಬ್ಬರು ಕಾದ ನೆಲದ ಮೇಲೆ ಬರಿಗಾಲಲ್ಲಿ ಕುಣಿಯುತ್ತಿದ್ದರು. ಒಳಗೆ ಕೂತಾಗ ಬರದಿದ್ದ ಕಣ್ಣೀರು ಈಗ ಬರ್ತಾ ಇದೆ ಕಣಮ್ಮ ಅಂದರು.

ಎಡೆ

ತಿಥಿ ದಿನ ಮಾಳಿಗೆ ಮೇಲೆ ಕಾಗೆಗೆ ಎಡೆ ಇಟ್ಟೆವು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಅಂತ ಲೆಕ್ಕ. ಅದನ್ನು ತೀರಿಸ್ತೀವಿ ಅಂತ ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡಬೇಕು.

ಕಾಗೆಗಳು ಬಂದವು. ನಾಯಿ ಅಟ್ಟಿತು. ಸಂಡಿಗೆ ಒಣಗಿಸುವಾಗ ಕಾಗೆ ಕಾಯೋದನ್ನು ಅಕ್ಕನೇ ಕಲಿಸಿದ್ದಳು. ಎಡೆಯ ಪಕ್ಕ ಜೊಲ್ಲು ಸುರಿಸುತ್ತ, ಒಂದಗುಳೂ ಮುಟ್ಟದೆ ಕಾವಲು ಕೂತಿತು. ಹಿಡಿಯಹೋದರೆ ಆ ಕಾಲುಗಳು ಯಾರ ಕೈಗೂ ಸಿಗಲಿಲ್ಲ.

ಸರಿ, ನೆಂಟರು ನಾಯಿಯನ್ನು ಬಿಟ್ಟು ಅಕ್ಕನಿಗೆ ಮಾತು ಕೊಡತೊಡಗಿದರು. ಒಬ್ಬರು ಮಗಳ ಓದು ನಾವು ನೋಡ್ಕೋತೀವಿ ಅಂದರು. ಕಾಗೆ ಇಳಿಯಿತು, ನಾಯಿ ಅಟ್ಟಿತು. ದೊಡ್ಡಮ್ಮ ಕೈಯ ಬಂಗಾರದ ಬಳೆ ಮುಟ್ಟಿಕೊಂಡು, ಇದು ನಿನ್ನ ಮಗಳಿಗೇ ಕಣಮ್ಮ ಅಂದರು. ಮತ್ತೆ ಅಟ್ಟಿತು. ಬಿಸಿಲೇರಿತು, ಎಲ್ಲರ ಹೊಟ್ಟೆಯೂ ಚುರುಗುಟ್ಟಿತು.

ಆಗ ಮೂಲೆಯಲ್ಲಿ ನಿಂತಿದ್ದ ಭಾವ ಎಡೆಯ ಕಡೆ ತಿರುಗಿ ನೆಲದ ಮೇಲೆ ಕೂತರು.

"ಇದನ್ನ ಯಾರಿಗೂ ಕೊಡಲ್ಲ ಕಣೇ. ಬೆಳಿಗ್ಗೆ ನಾನೇ ಓಡಿಸ್ತೀನಿ" ಅಂದವರೇ ಬಿಕ್ಕಿ ಬಿಕ್ಕಿ ಅತ್ತರು. ನಾಯಿ ಎದ್ದು ಹೋಗಿ ಅವರ ತೊಡೆ ಮೇಲೆ ತಲೆ ಇಟ್ಟಿತು. ಕಾವಲಿಲ್ಲದ ಎಡೆಗೆ ಕಾಗೆ ಇಳಿದು ವಡೆ ಕಚ್ಚಿತು.

ಎಲ್ಲರೂ ಕೈಮುಗಿದರು. ನಾನೂ ಮುಗಿದೆ, ಕಾಗೆಗೋ ನಾಯಿಗೋ ಗೊತ್ತಿಲ್ಲ. ದೊಡ್ಡಮ್ಮ ಕಣ್ಣೊರೆಸಿಕೊಂಡು, ಬಳೆ ತಿರುವುತ್ತ ಭಾವನ ಪಕ್ಕ ಕೂತರು.

"ಈ ಮಾತು ಮೊದಲೇ ಆಡಬಾರದಿತ್ತೇನಪ್ಪ? ನನ್ನ ಬಳೆ ಉಳೀತಿತ್ತು."