ಜಗಳಕ್ಕೆ ನಿಮ್ಮವ್ವ, ಹೋಳಿಗೆಗೆ ನಮ್ಮಕ್ಕ

ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆ ಹೆಸರಿಗೂ ಇಲ್ಲ! ರಾಯದುರ್ಗದ ಮಂಡಲ ಆಫೀಸಿನಲ್ಲಿ ಕೂತು ಊರವರಿಗೆಲ್ಲ ಫ್ಯಾಮಿಲಿ ಮೆಂಬರ್ ಸರ್ಟಿಫಿಕೇಟ್ ಟೈಪ್ ಮಾಡಿಕೊಡುವ ನಾನು ನನ್ನ ವಂಶದ ಬಗ್ಗೆ ತಪ್ಪು ಹೇಳುತ್ತೇನೆಯೇ? ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ನಿಜ. ಅದು ಕುರ್ಚಿಯ ಗೌರವ.

ಹಾಗಾಗಿ ನನ್ನ ಹೆಂಡತಿ ಮಂಗಳಾಗೆ ಶುಗರ್ ಶುರುವಾಗಿದೆ ಎಂದು ಡಾಕ್ಟರು ಹೇಳಿದಾಗ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

"ಜೀನಿನಾಗ ಸಣ್ಣಪುಟ್ಟ ವ್ಯತ್ಯಾಸ ಇರ್ತಾವಮ್ಮ. ಕೆಲವರಿಗೆ ಅದ್ರಿಂದ ಮೈ ಬೇಗ ಬರ್ತೈತಿ, ಶುಗರೂ ಬೇಗ ಬರ್ತೈತಿ. ನಿಮ್ಮ ಮನ್ಯಾಗ ಯಾರಿಗಾದ್ರೂ ಐತೇನು?"

ಮಂಗಳಾ ಬಾಯಿ ತೆರೆಯುವ ಮೊದಲೇ ನಾನು ತೀರ್ಪು ಕೊಟ್ಟೆ. "ನಮ್ಮ ಕಡೆ ಯಾರಿಗೂ ಇಲ್ರಿ ಸಾರ್. ಎಲ್ಲಾ ಇವರವ್ವನ ಕಡೀದು!"

ಮಂಗಳಾ ಮನೆಗೆ ಬಂದವಳೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನನ್ನಿಂದ ನಮ್ಮ ಅರ್ಚನಾಗೂ ಬಂದ್ರ ಏನ್ ಮಾಡ್ಲಿ ಮಾವ?"

ಅರ್ಚನಾ ನಮ್ಮ ಒಬ್ಬಳೇ ಮಗಳು. ನನಗೂ ಹೆದರಿಕೆಯೇ. ಆದರೆ ನನ್ನ ನಾಲಿಗೆ ಸೋಲುವ ಜಾತಿಯದಲ್ಲ! "ನಿಮ್ಮವ್ವನ್ನ ಕೇಳೋಣ ನಡಿ" ಎಂದೆ.

ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ. ಅವಳ ಅವ್ವ ಉಜ್ಜಿನಮ್ಮ ನನ್ನ ಸ್ವಂತ ಅಕ್ಕ! ಅಕ್ಕನ ಮಗಳನ್ನು ಮಾಡಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅದರಲ್ಲಿ ಗಂಡನಾದವನಿಗೆ ಬಹಳ ಅನುಕೂಲ. ಹೋಳಿಗೆ ಡಬ್ಬಿ ಬಂದ ದಿನ ಆಕೆ 'ನಮ್ಮಕ್ಕ', ಜಗಳದ ದಿನ 'ನಿಮ್ಮವ್ವ'. ನನ್ನ ಸಂಸಾರ ಇಷ್ಟು ವರ್ಷ ನಡೆದದ್ದೇ ಹೀಗೆ.

ತನ್ನೂರು ಭೈರವಾನಿತಿಪ್ಪದಲ್ಲಿ ಅಕ್ಕ ನನ್ನ ಆರೋಪಪಟ್ಟಿಯನ್ನೆಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ಮೆಂತ್ಯದ ಡಬ್ಬಿಯಿಂದ ಮಾತ್ರೆ ತೆಗೆದು ನನ್ನ ಮುಂದಿಟ್ಟಳು.

"ನನಗ ಬಂದು ಬಾಳ ವರ್ಷ ಆತು ಚಂದ್ರ. ನಮ್ಮವ್ವಗೂ ಇತ್ತು. ಆಗ ನೀ ಸಣ್ಣಾವ, ನಿನಗ ಗೊತ್ತಿಲ್ಲ."

"ಯಾಕ ಹೇಳ್ಲಿಲ್ಲಕ್ಕ?"

"ಹೇಳಿದ್ರ ನನ್ನ ಹೋಳಿಗಿ ನಿನ್ನ ಗಂಟಲಾಗ ಇಳೀತಿತ್ತೇನು?"

ತಾನು ಬಾಯಿಗಿಡದೆ ನನಗಾಗಿ ಹೂರಣ ರುಬ್ಬುತ್ತಿದ್ದಳು ನನ್ನಕ್ಕ! ನನಗೆ ಅಳು ಬಂತು. ಮಂಗಳಾ ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟಳು. ಇನ್ನೊಂದು ತೊಡೆ ಖಾಲಿ ಇತ್ತು, ಆದರೆ ಹಾಳು ಆಫೀಸು ಗತ್ತು ಅಡ್ಡ ಬಂತು.

ಮರುವಾರ ನನ್ನ ರಕ್ತವೂ ಪರೀಕ್ಷೆಯಾಯಿತು. ಹೆಂಡತಿಗಿಂತ ನನ್ನದೇ ಜಾಸ್ತಿ!

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ನಿಮ್ಮ ಕಡೆ ಯಾರಿಗೂ ಇಲ್ಲ ಅಂದಿದ್ರಿ?"

ನಾನು ಫ್ಯಾನ್ ನೋಡಿದೆ. ಮಂಗಳಾಳೇ ಮಾನ ಉಳಿಸಿದಳು. "ನಮ್ಮಾಗ ಎರಡೂ ಕಡೆ ಒಂದ ಮನಿ ರೀ ಸಾರ್!"

ಅವರು ನಕ್ಕುಬಿಟ್ಟರು. "ಮಗಳಿಗೂ ಬಂದ ಬರ್ತೈತಂತ ಏನಿಲ್ಲಮ್ಮ. ಜೀನು ನಮ್ಮ ಕೈಯಾಗಿಲ್ಲ, ತೂಕ ಕೈಯಾಗ ಐತಿ. ಮೂವರೂ ದಿನಾ ನಡೀರಿ."

ಈಗ ಬೆಳಿಗ್ಗೆ ಬೆಟ್ಟದ ಕಡೆ ಅಮ್ಮ ಮಗಳು ಮುಂದೆ, ನನ್ನ ಹೊಟ್ಟೆ ನಡುವೆ, ಅದರ ಹಿಂದೆ ನಾನು.

ನಿನ್ನೆ ಭೈರವಾನಿತಿಪ್ಪದಿಂದ ಡಬ್ಬಿ ಬಂತು. ಆಸೆಯಿಂದ ಮುಚ್ಚಳ ತೆಗೆದರೆ ಒಣಗಿದ ಸಜ್ಜೆ ರೊಟ್ಟಿ, ಮೆಂತ್ಯದ ಪಲ್ಯ! ಹಾಳು ನಾಲಿಗೆ ತಡೆಯಲಿಲ್ಲ. "ಮಂಗಳಾ, ನಿಮ್ಮವ್ವ ಏನೋ ಕಳಿಸ್ಯಾಳ ನೋಡು."

ಅವಳು ರೊಟ್ಟಿ ಮುರಿದು, ಪಲ್ಯವಿಟ್ಟು, ತುತ್ತನ್ನು ನನ್ನ ಬಾಯಿಗೇ ಹಿಡಿದಳು.

"ಹೋಳಿಗಿ ಕಳಿಸ್ತಿದ್ದಾಕಿ ನಮ್ಮವ್ವ ರೀ ಮಾವ. ರೊಟ್ಟಿ ಕಳಿಸ್ದಾಕಿ ನಿಮ್ಮಕ್ಕ. ಸುಮ್ನ ತಿನ್ರಿ!"